ರಾಜೀನಾಮೆ ಕೊಡುವ ಮೊದಲು ಅಸ್ತಾನಾದ ಜನವರಿ ನೋಡಿ ಬನ್ನಿ

ಪ್ರಶ್ನೆ: ನಮ್ಮ ಮನೆಯವರಿಗೆ ಕಜಕಿಸ್ತಾನದ ರಾಜಧಾನಿ ಅಸ್ತಾನಾದಲ್ಲಿ ಎರಡು ವರ್ಷದ ಸಾಫ್ಟ್‌ವೇರ್ ಕೆಲಸ ಸಿಕ್ಕಿದೆ. ತೆರಿಗೆ ಕಳೆದು ತಿಂಗಳಿಗೆ 9 ಲಕ್ಷ ಟೆಂಗೆ ಕೈಗೆ ಬರುತ್ತದಂತೆ. ಊರು ಹೊಸದು, ಖರ್ಚು ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮದು ಸಸ್ಯಾಹಾರಿ ಮನೆ. ಮಗಳಿಗೆ ಆರು ವರ್ಷ. ನಾನು ಶಿವಮೊಗ್ಗದ ಖಾಸಗಿ ಶಾಲೆಯಲ್ಲಿ ಟೀಚರ್. ಕೆಲಸ ಬಿಟ್ಟು ಅವರ ಜೊತೆ ಹೋಗಬಹುದಾ?

ಉತ್ತರ: ಹೋಗಬಹುದು. ಆದರೆ ರಾಜೀನಾಮೆ ಪತ್ರವನ್ನು ಈಗಲೇ ಕೊಡಬೇಡಿ. ಅದಕ್ಕೆ ಕಾರಣ ಹೇಳುತ್ತೇನೆ.

ನಾನು ಗಂಡ, ಮಗನ ಜೊತೆ ಅಸ್ತಾನಾದಲ್ಲಿ ಐದು ಚಳಿಗಾಲ ಕಳೆದಿದ್ದೇನೆ. ಅಲ್ಲಿಗೆ ಹೊರಟ ಕುಟುಂಬಗಳಿಗೆ ಮನೆ, ಶಾಲೆ, ಕಾಗದಪತ್ರದ ಬಗ್ಗೆ ಸಲಹೆ ಕೊಡುವುದು ಈಗ ನನ್ನ ಕೆಲಸ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಬಾಡಿಗೆ ಎಷ್ಟು ಅಂತ. ಬಾಡಿಗೆಯಿಂದ ಸೋತು ಊರಿಗೆ ವಾಪಸ್ ಬಂದ ಸಂಸಾರವನ್ನು ನಾನು ನೋಡಿಲ್ಲ. ವಾಪಸ್ ಬಂದವರೆಲ್ಲ ಎರಡೇ ಕಾರಣಕ್ಕೆ ಬಂದರು. ಒಂದು, ಮಗುವಿನ ಶಾಲೆ. ಇನ್ನೊಂದು, ಇಡೀ ಚಳಿಗಾಲ ಕೆಲಸವಿಲ್ಲದೆ ಮನೆಯೊಳಗೆ ಕೂತ ಹೆಂಡತಿ. ನಿಮ್ಮ ಪ್ರಶ್ನೆಯಲ್ಲಿ ಎರಡೂ ಇವೆ.

ದುಡ್ಡಿನ ವಿಷಯ ಮೊದಲು ಮುಗಿಸಿಬಿಡೋಣ. ಒಂದು ರೂಪಾಯಿಗೆ ಐದೂವರೆ, ಆರು ಟೆಂಗೆ ಅಂತ ಇಟ್ಟುಕೊಳ್ಳಿ. 9 ಲಕ್ಷ ಅಂದರೆ ಹೆಚ್ಚು ಕಡಿಮೆ ಒಂದೂವರೆ ಲಕ್ಷ ರೂಪಾಯಿ. ಊರಿನ ನಡುವೆ ಹರಿಯುವ ಯೆಸಿಲ್ ನದಿಯ ಎಡದಂಡೆಯಲ್ಲಿ ಹೊಸ ಕಟ್ಟಡದ ಎರಡು ಕೋಣೆಯ ಮನೆಗೆ ಎರಡೂವರೆಯಿಂದ ಮೂರೂವರೆ ಲಕ್ಷ ಟೆಂಗೆ ಬಾಡಿಗೆ ಇರುತ್ತದೆ. ಇಲ್ಲಿ ಒಂದು ಗೊಂದಲ ಆಗುತ್ತದೆ. ಅವರು ಹಾಲ್ ಅನ್ನೂ ಒಂದು ಕೋಣೆ ಅಂತ ಎಣಿಸುತ್ತಾರೆ, ಅಡುಗೆಮನೆ ಎಣಿಸುವುದಿಲ್ಲ. ಹಾಗಾಗಿ ಅವರ ಎರಡು ಕೋಣೆಯ ಮನೆ ನಮ್ಮ 1 ಬಿಎಚ್‌ಕೆ. ಜಾಹೀರಾತು ನೋಡಿ ಎರಡು ಬೆಡ್‌ರೂಮ್ ಅಂದುಕೊಂಡು ಹೋದವರು ತುಂಬಾ ಜನ ಇದ್ದಾರೆ. ಮೂವರಿಗೆ ಎರಡು ಕೋಣೆ ಸಾಕು. ಮನೆ ಹುಡುಕಲು ಎಲ್ಲರೂ ಕ್ರೀಶಾ ಅನ್ನುವ ಜಾಲತಾಣ ನೋಡುತ್ತಾರೆ. ಏಜೆಂಟ್ ಮೂಲಕ ಹೋದರೆ ಅವರ ಕಮಿಷನ್ ಬೇರೆ.

ನೀರು, ವಿದ್ಯುತ್, ಬಿಸಿ ಮಾಡುವ ವ್ಯವಸ್ಥೆ ಎಲ್ಲ ಸೇರಿ ಬರುವ ಬಿಲ್ಲು ನೋಡಿದರೆ ನಿಮಗೆ ಆಶ್ಚರ್ಯ ಆಗುತ್ತದೆ, ಅಷ್ಟು ಕಡಿಮೆ. ದಿನಸಿ, ಹಾಲು, ತರಕಾರಿಗೆ ಒಂದೂವರೆ ಲಕ್ಷ, ಎರಡು ಲಕ್ಷ ಟೆಂಗೆ ಹಿಡಿಯಿರಿ. ಬಸ್ಸು ಅಗ್ಗ, ಟ್ಯಾಕ್ಸಿ ಕೂಡ ಬೆಂಗಳೂರಿಗಿಂತ ಹಗುರ. ಇಷ್ಟೆಲ್ಲ ಕಳೆದರೂ ತಿಂಗಳಿಗೆ ಎರಡೂವರೆ, ಮೂರು ಲಕ್ಷ ಟೆಂಗೆ ಉಳಿಯಬೇಕು. ಆ ಉಳಿತಾಯವನ್ನು ಒಂದೇ ಏಟಿಗೆ ನುಂಗುವುದು ಶಾಲೆಯ ಫೀಸು.

ಬ್ರಿಟಿಷ್ ಅಥವಾ ಅಮೆರಿಕನ್ ಪಠ್ಯದ ಅಂತರರಾಷ್ಟ್ರೀಯ ಶಾಲೆಗಳು ಅಸ್ತಾನಾದಲ್ಲಿವೆ. ಅಲ್ಲಿ ಓದುವವರು ಬಹುಪಾಲು ರಾಯಭಾರ ಕಚೇರಿಯವರ ಮಕ್ಕಳು, ತೈಲ ಕಂಪನಿಯವರ ಮಕ್ಕಳು, ಸ್ಥಳೀಯ ಶ್ರೀಮಂತರ ಮಕ್ಕಳು. ಕಂಪನಿ ಫೀಸು ಕಟ್ಟದಿದ್ದರೆ ಆ ಕಡೆ ನೋಡಬೇಡಿ. 9 ಲಕ್ಷದ ಸಂಬಳಕ್ಕೆ ಅದು ಆಗದ ಮಾತು. ಸಣ್ಣ ಖಾಸಗಿ ಶಾಲೆಗಳಿವೆ. ರಷ್ಯನ್ ಅಥವಾ ಕಜಕ್‌ನಲ್ಲಿ ಪಾಠ, ಜೊತೆಗೆ ಇಂಗ್ಲಿಷ್ ಸ್ವಲ್ಪ ಜಾಸ್ತಿ. ತಿಂಗಳಿಗೆ ಒಂದೂವರೆ, ಎರಡು ಲಕ್ಷ ಟೆಂಗೆಯಿಂದ ಶುರು ಅಂತ ಲೆಕ್ಕ ಹಾಕಿ. ಸರ್ಕಾರಿ ಶಾಲೆ ಚೆನ್ನಾಗಿಯೇ ಇರುತ್ತದೆ. ಆದರೆ ಊರು ಬೆಳೆದ ವೇಗಕ್ಕೆ ಶಾಲೆಗಳು ಸಾಲದೆ, ಹಲವು ಕಡೆ ಪಾಳಿಯಲ್ಲಿ ತರಗತಿ ನಡೆಯುತ್ತದೆ. ಮಧ್ಯಾಹ್ನದ ಪಾಳಿ ಸಿಕ್ಕಿದರೆ ಡಿಸೆಂಬರ್‌ನಲ್ಲಿ ಮಗು ಮನೆಗೆ ಬರುವುದು ಕತ್ತಲಲ್ಲಿ.

ನಿಮ್ಮ ಮಗಳ ವಯಸ್ಸು ಒಂದು ರೀತಿಯಲ್ಲಿ ಒಳ್ಳೆಯದು. ಅಲ್ಲಿ ಆರು ವರ್ಷಕ್ಕೇ ಒಂದನೇ ತರಗತಿ, ಶುರುವಾಗುವುದು ಸೆಪ್ಟೆಂಬರ್ 1ಕ್ಕೆ. ಆ ದಿನ ಮಕ್ಕಳು ಹೂಗುಚ್ಛ ಹಿಡಿದು ಶಾಲೆಗೆ ಹೋಗುತ್ತಾರೆ. ಹುಡುಗಿಯರ ಜಡೆಗೆ ದೊಡ್ಡ ಬಿಳಿ ರಿಬ್ಬನ್. ಎಲ್ಲ ಮಕ್ಕಳೂ ಒಟ್ಟಿಗೆ ಹೊಸಬರಾಗಿರುವ ಕಾರಣ ನಿಮ್ಮವಳು ಒಬ್ಬಳೇ ಹೊರಗಿನವಳು ಅನ್ನಿಸುವುದಿಲ್ಲ. ನನ್ನ ಮಗ ಮೊದಲ ಮೂರು ತಿಂಗಳು ಶಾಲೆಯಲ್ಲಿ ಬಾಯೇ ಬಿಡಲಿಲ್ಲ. ನಾನು ರಾತ್ರಿ ನಿದ್ದೆ ಬಿಟ್ಟು ಚಿಂತೆ ಮಾಡಿದ್ದೆ. ಆಮೇಲೆ ಒಂದು ದಿನ ಆಟದ ಸಾಮಾನಿಗಾಗಿ ಇನ್ನೊಬ್ಬ ಹುಡುಗನ ಜೊತೆ ರಷ್ಯನ್‌ನಲ್ಲಿ ಜಗಳ ಆಡಿದ. ಅಲ್ಲಿಂದ ಮುಂದೆ ಅವನೇ ನನಗೆ ಅಂಗಡಿಯಲ್ಲಿ ದುಭಾಷಿ. ಮಕ್ಕಳಿಗೆ ಒಂದು ವರ್ಷ ಕೊಡಿ, ಸಾಕು.

ತೊಂದರೆ ಇರುವುದು ವಾಪಸ್ ಬರುವಾಗ. ಎರಡು ವರ್ಷ ಆದಮೇಲೆ ಅವಳು ಇಲ್ಲಿ ಮೂರನೇ ತರಗತಿಗೆ ಸೇರಬೇಕು. ಕರ್ನಾಟಕದ ಶಾಲೆಗಳಲ್ಲಿ ಕನ್ನಡ ಕಡ್ಡಾಯ, ಅದಕ್ಕೆ 2015ರ ಕಾಯ್ದೆಯೇ ಇದೆ. ಅಲ್ಲಿ ಅವಳು ಓದಿ ಬರೆಯುವುದು ರಷ್ಯನ್ ಅಕ್ಷರದಲ್ಲಿ. ನೀವು ಟೀಚರ್, ಇದು ನಿಮ್ಮ ಕೈಯಲ್ಲೇ ಇದೆ. ಒಂದರಿಂದ ಮೂರನೇ ತರಗತಿಯವರೆಗಿನ ಕನ್ನಡ, ಗಣಿತ ಪುಸ್ತಕ ಒಯ್ಯಿರಿ. ದಿನಕ್ಕೆ ಅರ್ಧ ಗಂಟೆ ಕೂರಿಸಿ. ಭಾನುವಾರ ಕೂಡ ತಪ್ಪಿಸಬೇಡಿ.

ಇನ್ನು ನಿಮ್ಮ ಕೆಲಸ. ನೇರವಾಗಿ ಹೇಳುತ್ತೇನೆ. ಗಂಡನ ಜೊತೆ ಕುಟುಂಬದ ವೀಸಾದಲ್ಲಿ ಹೋದವರು ಅಲ್ಲಿ ಸುಮ್ನೆ ಹೋಗಿ ಕೆಲಸಕ್ಕೆ ಸೇರುವ ಹಾಗಿಲ್ಲ. ವಿದೇಶಿಯರಿಗೆ ಕೆಲಸ ಕೊಡುವವರು ಅದಕ್ಕೆ ಬೇರೆ ಅನುಮತಿ ತೆಗೆದುಕೊಳ್ಳಬೇಕು, ಅದಕ್ಕೆ ಕೋಟಾ ಇದೆ. ಇಂಗ್ಲಿಷ್ ಕಲಿಸುವವರಿಗೆ ಬೇಡಿಕೆ ಇದೆ ಅನ್ನುವುದು ನಿಜ. ಶಿಶುವಿಹಾರಗಳು, ಸಂಜೆಯ ಇಂಗ್ಲಿಷ್ ತರಗತಿಗಳು ಗಲ್ಲಿಗೊಂದು ಇವೆ. ‘ಕಾಗದ ಎಲ್ಲ ಆಮೇಲೆ ನೋಡೋಣ, ನಾಳೆಯಿಂದ ಬನ್ನಿ’ ಅಂತ ಕರೆಯುವವರೂ ಸಿಗುತ್ತಾರೆ. ದಯವಿಟ್ಟು ಹೋಗಬೇಡಿ. ಸಿಕ್ಕಿಬಿದ್ದರೆ ದಂಡ, ದೇಶದಿಂದ ಹೊರಗೆ ಹಾಕುವುದು, ಗಂಡನ ಕೆಲಸಕ್ಕೂ ಕುತ್ತು. ಕಾನೂನಿನ ದಾರಿಯಲ್ಲೇ ಹೋಗಿ. ನಿಮ್ಮ ಪದವಿ ಮತ್ತು ಬಿ.ಇಡಿ. ಪ್ರಮಾಣಪತ್ರಗಳಿಗೆ ಇಲ್ಲಿಂದಲೇ ಅಪೊಸ್ಟೀಲ್, ಅಂದರೆ ಪತ್ರ ಅಸಲಿ ಅಂತ ಹೊರದೇಶದಲ್ಲಿ ಒಪ್ಪುವ ಮುದ್ರೆ, ಮಾಡಿಸಿಕೊಳ್ಳಿ. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಎರಡೂ ದೇಶಗಳು ಅಪೊಸ್ಟೀಲ್ ಒಪ್ಪಂದದಲ್ಲಿ ಇರುವುದರಿಂದ ರಾಯಭಾರ ಕಚೇರಿಗೆ ಅಲೆಯುವುದು ತಪ್ಪುತ್ತದೆ. ಮದುವೆ ನೋಂದಣಿ ಪತ್ರ, ಮಗಳ ಜನನ ಪತ್ರಕ್ಕೂ ಇದೇ ಆಗಬೇಕು. ಇವಿಲ್ಲದೆ ಕುಟುಂಬದ ವೀಸಾ ಕೆಲಸವೇ ಮುಂದೆ ಹೋಗುವುದಿಲ್ಲ. ಅನುವಾದವನ್ನು ಅಲ್ಲಿಯ ನೋಟರಿ ಹತ್ತಿರ ಮಾಡಿಸಿ, ಇಲ್ಲಿ ಮಾಡಿಸಿದ್ದನ್ನು ಒಪ್ಪದೆ ಇರಬಹುದು.

ನಿಮ್ಮ ಯಜಮಾನರ ಕಂಪನಿ ಅಸ್ತಾನಾ ಹಬ್ ಅನ್ನುವ ಐಟಿ ಪಾರ್ಕ್ ಅಥವಾ ಅಸ್ತಾನಾ ಅಂತರರಾಷ್ಟ್ರೀಯ ಹಣಕಾಸು ಕೇಂದ್ರದಲ್ಲಿ ನೋಂದಣಿ ಆಗಿದೆಯಾ ಅಂತ ಕೇಳಿ. ಆ ಎರಡರಲ್ಲಿ ಇರುವ ಕಂಪನಿಗಳಿಗೆ ವಿದೇಶಿಯರನ್ನು ಸೇರಿಸಿಕೊಳ್ಳುವುದು ಸುಲಭ. ಹಣಕಾಸು ಕೇಂದ್ರ ಶುರುವಾದದ್ದು 2018ರಲ್ಲಿ. ಅಲ್ಲಿಯ ವ್ಯಾಜ್ಯಗಳಿಗೆ ಇಂಗ್ಲಿಷ್ ಕಾನೂನಿನ ಮಾದರಿಯ ಪ್ರತ್ಯೇಕ ನ್ಯಾಯಾಲಯವೇ ಇದೆ. ಕರಾರು ಇಂಗ್ಲಿಷ್‌ನಲ್ಲಿ ಇರುತ್ತದೆ, ಓದಿ ಅರ್ಥ ಮಾಡಿಕೊಂಡು ಸಹಿ ಹಾಕಬಹುದು.

ಈಗ ಚಳಿ. ‘ಮೈನಸ್ 30’ ಅಂತ ಕೇಳಿ ನೀವು ಹೆದರಿರಬಹುದು. ಜಗತ್ತಿನ ಅತಿ ಚಳಿಯ ರಾಜಧಾನಿಗಳಲ್ಲಿ ಮಂಗೋಲಿಯಾದ ಉಲಾನ್‌ಬಾತರ್ ಬಿಟ್ಟರೆ ಇದರದ್ದೇ ಹೆಸರು. ಜನವರಿಯ ಸರಾಸರಿಯೇ ಮೈನಸ್ 14, 15ರ ಹತ್ತಿರ. ಕೆಲವು ದಿನ ಮೈನಸ್ 35ಕ್ಕೂ ಇಳಿಯುತ್ತದೆ. ಆದರೆ ಅಲ್ಲಿ ಇದ್ದವರಿಗೆ ಗೊತ್ತು, ಕಷ್ಟ ಕೊಡುವುದು ಗಾಳಿ. ಗಾಳಿ ಇಲ್ಲದ ಮೈನಸ್ 30ರ ದಿನ ನೀಲಿ ಆಕಾಶ, ಬಿಸಿಲು, ಕಾಲ ಕೆಳಗೆ ಹಿಮ ಕರಕರ ಅನ್ನುತ್ತದೆ, ನಡೆಯಲು ಖುಷಿಯಾಗುತ್ತದೆ. ಮೈನಸ್ 15 ಇದ್ದು ಬಯಲಿನಿಂದ ಗಾಳಿ ಬೀಸಿದರೆ ನೂರು ಹೆಜ್ಜೆ ನಡೆಯುವುದರಲ್ಲಿ ಕಣ್ಣಲ್ಲಿ ನೀರು. ಸುತ್ತ ಹುಲ್ಲುಗಾವಲು, ತಡೆಯಲು ಒಂದು ಗುಡ್ಡ ಇಲ್ಲ. ಅದಕ್ಕೇ ಊರಿನ ಸುತ್ತ ವರ್ಷಗಟ್ಟಲೆ ಮರ ನೆಟ್ಟು ಕಾಡಿನ ಪಟ್ಟಿ ಬೆಳೆಸಿದ್ದಾರೆ. ಹಿಮಗಾಳಿಗೆ ಬುರಾನ್ ಅಂತಾರೆ. ಆ ದಿನ ಊರ ಹೊರಗಿನ ಹೆದ್ದಾರಿಗಳನ್ನು ಮುಚ್ಚುತ್ತಾರೆ. ತೀರಾ ಚಳಿ ಇದ್ದರೆ ಸಣ್ಣ ತರಗತಿಗಳಿಗೆ ರಜೆ.

ಮನೆಯೊಳಗೆ ಕಥೆಯೇ ಬೇರೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಊರಿನ ಶಾಖ ಕೇಂದ್ರದಿಂದ ಬಿಸಿನೀರು ಕೊಳವೆಯಲ್ಲಿ ಪ್ರತಿ ಮನೆಗೆ ಬರುತ್ತದೆ. ಒಳಗೆ 24, 25 ಡಿಗ್ರಿ. ಜನ ಟೀ ಶರ್ಟ್ ಹಾಕಿಕೊಂಡು ಓಡಾಡುತ್ತಾರೆ. ರಾತ್ರಿ ರೇಡಿಯೇಟರ್ ಪಕ್ಕ ಇಟ್ಟ ದೋಸೆ ಹಿಟ್ಟು ಬೆಳಿಗ್ಗೆ ಪಾತ್ರೆ ತುಂಬಿ ಬಂದಿರುತ್ತದೆ. ನಮ್ಮ ಮಲೆನಾಡಿನ ಡಿಸೆಂಬರ್‌ನಲ್ಲಿ ಅಷ್ಟು ಚೆನ್ನಾಗಿ ಉಬ್ಬುವುದಿಲ್ಲ, ಅಲ್ವಾ? ಆದರೆ ಗಾಳಿ ವಿಪರೀತ ಒಣಗಿರುತ್ತದೆ. ಚರ್ಮ ಬಿರಿಯುತ್ತದೆ, ಮಕ್ಕಳಿಗೆ ಮೂಗಿನಲ್ಲಿ ರಕ್ತ ಬರುತ್ತದೆ. ತೇವ ಕೊಡುವ ಒಂದು ಯಂತ್ರವನ್ನು ಮೊದಲ ವಾರವೇ ಕೊಳ್ಳಿ. ಸ್ವೆಟರು, ಜಾಕೆಟ್ ಇಲ್ಲಿಂದ ಒಯ್ಯಬೇಡಿ. ಬೆಂಗಳೂರಿನಲ್ಲಿ ಸಿಗುವುದು ಆ ಚಳಿಗೆ ಸಾಲದು. ಅಲ್ಲಿಯೇ ಮೊಣಕಾಲಿನವರೆಗೆ ಬರುವ ಗರಿ ತುಂಬಿದ ಜಾಕೆಟ್ ಕೊಳ್ಳಿ. ಬೂಟು ಒಂದು ಅಳತೆ ದೊಡ್ಡದಿರಲಿ, ಒಳಗೆ ಉಣ್ಣೆ ಕಾಲುಚೀಲ ಹಿಡಿಯಬೇಕು. ಅಡಿ ಜಾರದ ಹಾಗಿರಬೇಕು. ಚಳಿಗಿಂತ ಜಾಸ್ತಿ ಜನ ಏಟು ಮಾಡಿಕೊಳ್ಳುವುದು ಮಂಜುಗಡ್ಡೆಯ ಮೇಲೆ ಜಾರಿ.

ಕತ್ತಲೆಯ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಡಿಸೆಂಬರ್‌ನಲ್ಲಿ ಹಗಲು ಎಂಟು ಗಂಟೆ ಅಷ್ಟೇ. 2024ರ ಮಾರ್ಚ್‌ನಲ್ಲಿ ಇಡೀ ದೇಶಕ್ಕೆ ಒಂದೇ ಗಡಿಯಾರ ಮಾಡಿದರು. ಈಗ ಅವರು ನಮಗಿಂತ ಅರ್ಧ ಗಂಟೆ ಮಾತ್ರ ಹಿಂದೆ. ಅಮ್ಮನಿಗೆ ಫೋನ್ ಮಾಡಲು ಅನುಕೂಲ. ಆದರೆ ಚಳಿಗಾಲದಲ್ಲಿ ಸಂಜೆ ನಾಲ್ಕು ದಾಟಿದರೆ ಸೂರ್ಯ ಮುಳುಗಿದ. ಗಂಡ ಆಫೀಸಿನಲ್ಲಿ, ಮಗು ಶಾಲೆಯಲ್ಲಿ, ಹೊರಗೆ ಕತ್ತಲೆ, ಪಕ್ಕದ ಮನೆಯವರ ಭಾಷೆ ಬರುವುದಿಲ್ಲ. ಇದನ್ನು ನಾನು ಅನುಭವಿಸಿದ್ದೇನೆ. ಮೊದಲ ಫೆಬ್ರುವರಿಯಲ್ಲಿ ನನಗೆ ಕಾರಣವೇ ಇಲ್ಲದೆ ಅಳು ಬರುತ್ತಿತ್ತು. ಶಾಲೆಯಲ್ಲಿ ದಿನವಿಡೀ ಮಕ್ಕಳ ಗದ್ದಲದ ನಡುವೆ ಇದ್ದ ನಿಮಗೆ ಇದು ಇನ್ನೂ ಜಾಸ್ತಿ ತಟ್ಟಬಹುದು.

ಅದಕ್ಕೇ ನನ್ನ ಸಲಹೆ ಇದು. ಭಾರತದ ಪಾಸ್‌ಪೋರ್ಟ್ ಇರುವವರು 2022ರ ಜುಲೈಯಿಂದ ವೀಸಾ ಇಲ್ಲದೆ 14 ದಿನ ಕಜಕಿಸ್ತಾನಕ್ಕೆ ಹೋಗಿ ಬರಬಹುದು. ಆ 14 ದಿನವನ್ನು ಜನವರಿಯಲ್ಲಿ ಬಳಸಿಕೊಳ್ಳಿ. ಯಜಮಾನರು ಮೊದಲು ಹೋಗಿ ಕೆಲಸಕ್ಕೆ ಸೇರಲಿ. ನೀವು ಶಾಲೆಯಲ್ಲಿ ರಜೆ ಕೇಳಿ, ಸಂಬಳ ಕಟ್ ಆದರೂ ಪರವಾಗಿಲ್ಲ, ಮಗಳನ್ನು ಕರೆದುಕೊಂಡು ಹೋಗಿ. ಅಲ್ಲಿ ಬಸ್ಸಿನಲ್ಲಿ ಓಡಾಡಿ, ಮಾರುಕಟ್ಟೆಗೆ ಹೋಗಿ, ಎರಡು ಮೂರು ಶಾಲೆ ನೋಡಿ, ಅಡುಗೆ ಮಾಡಿ. ಬೇಸಿಗೆಯಲ್ಲಿ ಹೋದವರಿಗೆಲ್ಲ ಆ ಊರು ಇಷ್ಟವಾಗುತ್ತದೆ. ರಾತ್ರಿ ಎಂಟೂವರೆವರೆಗೆ ಬೆಳಕು, ಯೆಸಿಲ್ ನದಿಯ ದಂಡೆಯಲ್ಲಿ ಸೈಕಲ್, ಕಾರಂಜಿ. ಸೊಳ್ಳೆ ಮಾತ್ರ ಸಿಕ್ಕಾಪಟ್ಟೆ. ತೀರ್ಮಾನ ಮಾಡಬೇಕಾದದ್ದು ಜನವರಿ ನೋಡಿ. ನೀವು ರಾಜೀನಾಮೆ ಪತ್ರ ಬರೆಯುವುದು ಆಮೇಲೆ. ವಿಮಾನ ದೆಹಲಿಯಿಂದ ಅಲ್ಮಾಟಿಗೆ, ಅಲ್ಲಿಂದ ಅಸ್ತಾನಾಗೆ ಅಂತ ನೋಡಿ. ಟಿಕೆಟ್‌ನಲ್ಲಿ ಅಸ್ತಾನಾ ವಿಮಾನ ನಿಲ್ದಾಣದ ಗುರುತು ಎನ್‌ಕ್ಯೂಝಡ್ ಅಂತ ಇರುತ್ತದೆ. 2019ರಿಂದ 2022ರವರೆಗೆ ಊರಿನ ಹೆಸರು ನೂರ್‌ಸುಲ್ತಾನ್ ಅಂತ ಇತ್ತು, ಅದರ ಉಳಿಕೆ ಅದು. ಆ ವರ್ಷಗಳ ಹಳೆಯ ಕಾಗದದಲ್ಲಿ ಆ ಹೆಸರು ಕಂಡರೆ ಬೇರೆ ಊರು ಅಂದುಕೊಳ್ಳಬೇಡಿ.

ಅಂದಹಾಗೆ, ಕಜಕ್ ಭಾಷೆಯಲ್ಲಿ ಅಸ್ತಾನಾ ಅಂದರೆ ರಾಜಧಾನಿ ಅಂತಲೇ ಅರ್ಥ. ಪರ್ಷಿಯನ್ ದಾರಿಯಾಗಿ ಬಂದ ಪದ, ನಮ್ಮ ‘ಆಸ್ಥಾನ’ಕ್ಕೆ ನೆಂಟ. 1997ರ ಡಿಸೆಂಬರ್‌ನಲ್ಲಿ ರಾಜಧಾನಿಯನ್ನು ಅಲ್ಮಾಟಿಯಿಂದ ಇಲ್ಲಿಗೆ ತಂದರು. ಆಗ ಇದು ಅಕ್ಮೊಲಾ ಅನ್ನುವ ಸಾಧಾರಣ ಊರು. ಜಪಾನಿನ ವಾಸ್ತುಶಿಲ್ಪಿ ಕಿಶೊ ಕುರೊಕಾವಾ ನಕ್ಷೆ ಮಾಡಿದರು. ಎಡದಂಡೆಯ ಎತ್ತರದ ಕಟ್ಟಡಗಳೆಲ್ಲ ಆಮೇಲೆ ಬಂದದ್ದು. ಮಗಳಿಗೆ ತೋರಿಸಲೇಬೇಕಾದದ್ದು ನಾರ್ಮನ್ ಫಾಸ್ಟರ್ ರೂಪಿಸಿದ ಖಾನ್ ಶಾತಿರ್. 150 ಮೀಟರ್ ಎತ್ತರದ ಗುಡಾರದಂಥ ಕಟ್ಟಡ, 2010ರಲ್ಲಿ ತೆರೆಯಿತು. ಒಳಗೆ ಅಂಗಡಿ, ಆಟ, ಮರಳು ಹಾಸಿದ ಬೀಚ್ ಕೂಡ ಇದೆ. ಚಳಿಗಾಲದ ಭಾನುವಾರಗಳಿಗೆ ನಮಗೆ ಅದೇ ಗತಿ.

ಮನೆ ಎಲ್ಲಿ ಹಿಡಿಯಬೇಕು? ಆಫೀಸಿಗಿಂತ ಶಾಲೆಗೆ ಹತ್ತಿರ ಹಿಡಿಯಿರಿ. ಬಲದಂಡೆ ಹಳೆಯ ಊರು. ಅಲ್ಲಿ ಮರಗಳಿವೆ, ಮಾರುಕಟ್ಟೆ ಹತ್ತಿರ, ಬಾಡಿಗೆ ಕಡಿಮೆ, ಗಾಳಿ ಕೂಡ ಸ್ವಲ್ಪ ಕಡಿಮೆ. ಎಡದಂಡೆಯ ಮನೆಗಳು ಹೊಸವು, ಆದರೆ ರಸ್ತೆಗಳು ಅಗಲ. ಹತ್ತಿರ ಕಂಡದ್ದು ನಡೆದರೆ ದೂರ. ಬರಹದ ಕರಾರು ಇಲ್ಲದ ಮನೆ ಬೇಡವೇ ಬೇಡ. ನಮ್ಮ ಮೊದಲ ಮನೆಯ ಮಾಲೀಕರು ಬಾಯಿಮಾತು ಸಾಕು ಅಂದರು, ಒಪ್ಪಿದೆವು. ಆಗಸ್ಟ್ ಕೊನೆಯಲ್ಲಿ ವಿದ್ಯಾರ್ಥಿಗಳು ಊರಿಗೆ ಬರುವಾಗ ಬಾಡಿಗೆ ಏರುತ್ತದೆ. ಆಗ ವಾರದೊಳಗೆ ಮನೆ ಖಾಲಿ ಮಾಡಿ ಅಂದರು. ಕೇಳಲು ನಮ್ಮ ಹತ್ತಿರ ಒಂದು ಕಾಗದ ಇರಲಿಲ್ಲ. ಇನ್ನೊಂದು, ನೀವು ಬಂದ 3 ಕೆಲಸದ ದಿನಗಳೊಳಗೆ ಮಾಲೀಕರೋ ಕಂಪನಿಯೋ ವಲಸೆ ವಿಭಾಗಕ್ಕೆ ತಿಳಿಸಬೇಕು. ಹೋಟೆಲ್ ಆದರೆ ಅವರೇ ಮಾಡುತ್ತಾರೆ. ಆಗಿದೆಯಾ ಅಂತ ನೀವೇ ಕೇಳಿ ಖಚಿತ ಮಾಡಿಕೊಳ್ಳಿ.

ಅದಾದ ಮೇಲೆ ಮಾಡಿಸಬೇಕಾದದ್ದು ಐಐಎನ್, ನಮ್ಮ ಆಧಾರ್‌ನಂತೆ 12 ಅಂಕಿಯ ಸಂಖ್ಯೆ. ಬ್ಯಾಂಕ್, ಶಾಲೆ, ಆಸ್ಪತ್ರೆ ಎಲ್ಲಕ್ಕೂ ಅದೇ ಬೇಕು. ಅದು ಬಂದ ದಿನವೇ ಕಾಸ್ಪಿ ಖಾತೆ ತೆರೆಯಿರಿ. ಇಲ್ಲಿ ಯುಪಿಐ ಹೇಗೋ ಅಲ್ಲಿ ಕಾಸ್ಪಿ ಹಾಗೆ. ಮಾರುಕಟ್ಟೆಯಲ್ಲಿ ಆಲೂಗಡ್ಡೆ ಮಾರುವ ಅಜ್ಜಿ ಕೂಡ ಕಾಸ್ಪಿ ಕ್ಯೂಆರ್ ತೋರಿಸುತ್ತಾರೆ.

ಊಟದ ಬಗ್ಗೆ ಅಷ್ಟು ಚಿಂತೆ ಬೇಡ. ಹೊರಗೆ ತಿನ್ನುವುದು ಕಷ್ಟ ಅನ್ನುವುದು ನಿಜ. ಕುರಿ, ಕುದುರೆ, ದನದ ಮಾಂಸ ಅವರ ದಿನದ ಊಟ. ತರಕಾರಿ ಸೂಪ್ ಅಂದರೂ ಮಾಂಸದ ನೀರಿನಲ್ಲಿ ಮಾಡಿರಬಹುದು. ‘ಬೆಜ್ ಮ್ಯಾಸಾ’, ಅಂದರೆ ಮಾಂಸ ಇಲ್ಲದ್ದು, ಅಂತ ಕೇಳಲು ಮೊದಲ ದಿನವೇ ಕಲಿಯಿರಿ. ಮನೆಯಲ್ಲಿ ಅಡುಗೆ ಮಾಡುವವರಿಗೆ ಕೊರತೆ ಇಲ್ಲ. ಹೆಸರುಕಾಳು ಎಲ್ಲ ಕಡೆ ಸಿಗುತ್ತದೆ, ಅದಕ್ಕೆ ಮಾಶ್ ಅಂತಾರೆ. ಕಡಲೆ, ಮಸೂರ್ ಬೇಳೆ ಇದೆ. ಕಿಜಿಲೋರ್ದಾ ಪ್ರಾಂತ್ಯದಲ್ಲಿ ಬೆಳೆಯುವ ಗುಂಡು ಅಕ್ಕಿ ಮೊಸರನ್ನಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಹಾಲು, ಮೊಸರಿನಂಥ ಕೆಫೀರ್, ಪನೀರಿನಂಥ ತ್ವರೋಗ್ ಯಥೇಚ್ಛ. ಕೊತ್ತಂಬರಿ ಸೊಪ್ಪು ವರ್ಷವಿಡೀ. ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು, ಬೀಟ್‌ರೂಟ್ ಅಗ್ಗ. ಟೊಮೆಟೊ, ಸೌತೆಕಾಯಿ ಚಳಿಗಾಲದಲ್ಲಿ ದುಬಾರಿ. ತೊಗರಿ, ಉದ್ದು, ಕರಿಬೇವು, ಹುಣಸೆ, ಸಾರಿನ ಪುಡಿ ಊರಿಂದ.

ಜನ ಒಳ್ಳೆಯವರು, ಮನೆಗೆ ಕರೆಯುತ್ತಾರೆ. ಕರೆದಾಗ ಹೋಗಿ. ಮಾಂಸ ತಿನ್ನುವುದಿಲ್ಲ ಅಂತ ಹಿಂದಿನ ದಿನವೇ ಹೇಳಿಬಿಡಿ. ಆಗ ಬೌರ್ಸಾಕ್ ಅನ್ನುವ ಕರಿದ ಹಿಟ್ಟಿನುಂಡೆ, ಒಣಹಣ್ಣು, ಸಲಾಡ್, ಹಾಲು ಹಾಕಿದ ಚಹಾ ಇಡುತ್ತಾರೆ. ಹೌದು, ಅವರೂ ನಮ್ಮ ಹಾಗೆ ಹಾಲು ಹಾಕಿ ಕುಡಿಯುತ್ತಾರೆ. ಬಟ್ಟಲು ಅರ್ಧ ಮಾತ್ರ ತುಂಬಿಸಿ ಕೊಟ್ಟರೆ ಬೇಸರ ಮಾಡಿಕೊಳ್ಳಬೇಡಿ. ಮತ್ತೆ ಮತ್ತೆ ಬಿಸಿಯಾಗಿ ಹಾಕಿಕೊಡಬೇಕು ಅನ್ನುವ ಪ್ರೀತಿ ಅದು. ಪೂರ್ತಿ ತುಂಬಿದ ಬಟ್ಟಲು ಅಂದರೆ ಇನ್ನು ಹೊರಡಿ ಅಂತ. ಮಾರ್ಚ್ 22ರ ಸುಮಾರಿಗೆ ಅವರ ಹೊಸ ವರ್ಷ ನೌರಿಜ್, ನಮ್ಮ ಯುಗಾದಿಯ ಆಸುಪಾಸಿನಲ್ಲೇ. ಏಳು ಪದಾರ್ಥ ಹಾಕಿ ಕೊಜೆ ಅನ್ನುವ ಗಂಜಿ ಮಾಡುತ್ತಾರೆ. ಆ ದಿನ ನೀವು ಬೇವು ಬೆಲ್ಲ ಒಯ್ದರೆ ಮಾತಿಗೆ ಬೇರೆ ಕಾರಣವೇ ಬೇಡ.

ಭಾಷೆ ಕಲಿಯುವುದೇ ನಿಮ್ಮ ಚಳಿಗಾಲಕ್ಕೆ ಮದ್ದು. ಅಂಗಡಿ, ಕಚೇರಿಯಲ್ಲಿ ರಷ್ಯನ್ ನಡೆಯುತ್ತದೆ, ಅದು ಬೇಕೇ ಬೇಕು. ಇಂಗ್ಲಿಷ್ ನಂಬಿಕೊಂಡರೆ ಆಗುವುದಿಲ್ಲ. ಈಗಿನಿಂದಲೇ ಸಿರಿಲಿಕ್ ಅಕ್ಷರ ಕಲಿಯಿರಿ, ನಿಮಗೆ ಒಂದು ವಾರ ಸಾಕು. ಆದರೆ ಕಜಕ್ ಭಾಷೆಯನ್ನು ಬಿಡಬೇಡಿ, ಕನ್ನಡದವರಿಗೆ ಅದರ ವ್ಯಾಕರಣ ಮನೆಯದೇ ಅನ್ನಿಸುತ್ತದೆ. ಅದು ತುರ್ಕಿ ಬಳಗದ ಭಾಷೆ, ನಮ್ಮದು ದ್ರಾವಿಡ. ಆದರೂ ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿ ಪದದ ಹಿಂದೆ ಅಂಟಿಕೊಳ್ಳುತ್ತದೆ. ‘ಮೆನ್ ಉಯ್‌ಗೆ ಬರಾಮಿನ್’ ಅಂದರೆ ‘ನಾನು ಮನೆಗೆ ಹೋಗುತ್ತೇನೆ’. ಆ ‘ಗೆ’ ಕೇಳಿಸಿತಾ? ಮೊದಲ ಸಲ ಕೇಳಿದಾಗ ನಾನು ಬಸ್ಸಿನಲ್ಲಿ ನಕ್ಕುಬಿಟ್ಟಿದ್ದೆ. ನೀನು, ನೀವು ಅನ್ನುವುದಕ್ಕೆ ಸೆನ್, ಸಿಜ್. ದೊಡ್ಡ ಹೆಂಗಸರನ್ನು, ಟೀಚರನ್ನು ‘ಅಪಾಯ್’ ಅಂತ ಕರೆಯಿರಿ. ಹಾಗೆ ಕರೆದು ‘ರಹ್‌ಮೆತ್’ (ಧನ್ಯವಾದ) ಅಂದರೆ ಎದುರಿನವರ ಮುಖ ಅರಳುತ್ತದೆ. ಯಾರಾದರೂ ನಿಮ್ಮನ್ನು ‘ಇಂದುಸ್’ ಅಂದರೆ ಧರ್ಮ ಕೇಳುತ್ತಿದ್ದಾರೆ ಅಂದುಕೊಳ್ಳಬೇಡಿ, ಭಾರತದವರು ಅಂತ ಅಷ್ಟೇ. ವಯಸ್ಸಾದವರು ಮುಂದಿನ ಮಾತಲ್ಲೇ ರಾಜ್ ಕಪೂರ್, ಮಿಥುನ್ ಹೆಸರು ಎತ್ತುತ್ತಾರೆ.

ನನ್ನ ಅಳು ನಿಂತದ್ದು ಹೀಗೇ. ಕೆಳಗಿನ ಮಹಡಿಯ ಒಬ್ಬ ಅಪಾಯ್ ವಾರಕ್ಕೆ ಎರಡು ದಿನ ಚಹಾಕ್ಕೆ ಕರೆದು ಪದ ಹೇಳಿಕೊಡುತ್ತಿದ್ದರು. ನಾನು ಅವರ ಮೊಮ್ಮಗಳಿಗೆ ಇಂಗ್ಲಿಷ್ ಅಕ್ಷರ ತಿದ್ದಿಸುತ್ತಿದ್ದೆ. ದುಡ್ಡಿನ ಮಾತು ಇಬ್ಬರ ನಡುವೆಯೂ ಬರಲಿಲ್ಲ.

ಜನವರಿಗೆ ಹೋದಾಗ ಸೂಟ್‌ಕೇಸಿನಲ್ಲಿ ಸಣ್ಣ ಕುಕ್ಕರ್ ಮತ್ತು ತಳ ಚಪ್ಪಟೆ ಇರುವ ದೋಸೆ ಕಾವಲಿ ಇಟ್ಟುಕೊಳ್ಳಿ. ಹೊಸ ಕಟ್ಟಡಗಳಲ್ಲಿ ಬಹುಪಾಲು ವಿದ್ಯುತ್ ಒಲೆ, ಗುಂಡು ತಳದ ಬಾಣಲೆ ಅದರ ಮೇಲೆ ಕೂರುವುದಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಎರಡು ಜಾಸ್ತಿ ಇರಲಿ, ನಮ್ಮ ಅಳತೆಯದು ಅಲ್ಲಿ ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ.